ಶಾಲೆಯಲ್ಲಿ ಫೊರೆನ್ಸಿಕ್ ಪ್ರಯೋಗ: ಪೌಡರ್ ಡಬ್ಬಿಗಿಂತ ಮೊದಲು ನೋಟ್‌ಬುಕ್ ತೆರೆಯಿರಿ

ಕಿಟ್ ಕೊಳ್ಳದೆ ಫೊರೆನ್ಸಿಕ್ (ಅಪರಾಧ ತನಿಖೆಗೆ ನೆರವಾಗುವ ವಿಧಿವಿಜ್ಞಾನದ) ಪ್ರಯೋಗ ಮಾಡಬಹುದೇ, ಮಾಡುವುದಾದರೆ ಯಾವುದರಿಂದ ಶುರು ಮಾಡಬೇಕು? ಪ್ರೌಢಶಾಲೆಯ ವಿದ್ಯಾರ್ಥಿಗಳೂ ವಿಜ್ಞಾನ ಸಂಘ ನಡೆಸುವ ಶಿಕ್ಷಕರೂ ಪದೇ ಪದೇ ಕೇಳುವ ಪ್ರಶ್ನೆ ಇದು. ಖಂಡಿತ ಮಾಡಬಹುದು, ಬೆರಳಚ್ಚಿನಿಂದ ಶುರು ಮಾಡಿ. ಅಚ್ಚು ಸಿಕ್ಕಿದ ಮೇಲೆ ಹೋಲಿಸಲು ಸರಿಯಾದ ಮಾದರಿಯೇ ಇಲ್ಲ, ಎಲ್ಲಿ ಸಿಕ್ಕಿತೆಂದು ಯಾರೂ ಬರೆದಿಟ್ಟಿಲ್ಲ ಎಂಬ ಕಾರಣಕ್ಕೇ ಹೆಚ್ಚಿನ ತರಗತಿಗಳಲ್ಲಿ ಪ್ರಯೋಗ ನೆಲಕಚ್ಚುತ್ತದೆ. ಆದ್ದರಿಂದ ಇಲ್ಲಿ ಬಣ್ಣ ಬರುವ, ಪುಡಿ ಹಾರುವ ಕೆಲಸದಷ್ಟೇ ಜಾಗವನ್ನು ದಾಖಲೆಗೂ ಹೋಲಿಕೆಗೂ ಕೊಟ್ಟಿದೆ.

ಮೊದಲು ಎರಡು ಪದ ತಿಳಿದಿರಲಿ. ಘಟನಾ ಸ್ಥಳದಲ್ಲಿ ಸಿಕ್ಕಿ, ಯಾರದ್ದೆಂದು ಗೊತ್ತಿಲ್ಲದ್ದು ‘ಪ್ರಶ್ನಿತ ಮಾದರಿ’. ಇಂಥವರದ್ದೇ ಎಂದು ಗೊತ್ತಿದ್ದು ನಾವೇ ಎದುರಿಗೆ ಕೂರಿಸಿಕೊಂಡು ತೆಗೆದದ್ದು ‘ತಿಳಿದ ಮಾದರಿ’. ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಹೇಳಿದ್ದು ಇಷ್ಟು: ಎರಡು ವಸ್ತು ಒಂದನ್ನೊಂದು ತಾಗಿದರೆ ಒಂದರ ಕುರುಹು ಇನ್ನೊಂದರ ಮೇಲೆ ಉಳಿಯುತ್ತದೆ. ಆ ಕುರುಹು ಪ್ರಶ್ನಿತ ಮಾದರಿಯಾಗಿ ಕೈಗೆ ಬರುತ್ತದೆ. ಅದನ್ನು ತಿಳಿದ ಮಾದರಿಯ ಪಕ್ಕದಲ್ಲಿಟ್ಟು ನೋಡುವುದೇ ವಿಧಿವಿಜ್ಞಾನದ ಬಹುಪಾಲು ಕೆಲಸ.

ಬೇಕಾಗುವ ಸಾಮಾನು

6ಬಿ ಪೆನ್ಸಿಲ್ ಎರಡು, ಉಪ್ಪುಕಾಗದ, ಕಾರ್ನ್‌ಫ್ಲೋರ್, ಮೇಕಪ್‌ಗೆ ಬಳಸುವ ಮೃದುವಾದ ದಪ್ಪ ಬ್ರಷ್ ಎರಡು (ಕಪ್ಪು ಪುಡಿಗೊಂದು, ಬಿಳಿ ಪುಡಿಗೊಂದು), 4–5 ಸೆಂ.ಮೀ. ಅಗಲದ ಪಾರದರ್ಶಕ ಟೇಪ್, ಬಿಳಿ ಮತ್ತು ಕಪ್ಪು ಕಾರ್ಡ್, ಸ್ಟಾಂಪ್ ಪ್ಯಾಡ್, 5 ಅಥವಾ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಸ್ಕೇಲ್, ಕಾಗದದ ಲಕೋಟೆಗಳು, ಕೈಗವಸು, ಮಾಸ್ಕ್, ಕ್ಯಾಮೆರಾ ಇರುವ ಫೋನ್. ಮುಂದಿನ ಪ್ರಯೋಗಗಳಿಗೆ ಫಿಲ್ಟರ್ ಪೇಪರ್, ಪ್ಲಾಸ್ಟರ್ ಆಫ್ ಪ್ಯಾರಿಸ್, ಗ್ಲಿಸರಿನ್, ಡ್ರಾಪರ್, ಕೋನಮಾಪಕ.

ಕೆಲವನ್ನು ಮುಟ್ಟಲೇಬೇಡಿ. ಮನುಷ್ಯರದ್ದಾಗಲಿ ಪ್ರಾಣಿಯದ್ದಾಗಲಿ ನಿಜವಾದ ರಕ್ತ ಬೇಡ. ಸೂಪರ್‌ಗ್ಲೂ ಬಿಸಿ ಮಾಡಿ ಅದರ ಹಬೆಯಲ್ಲಿ ಬೆರಳಚ್ಚು ಬಿಡಿಸುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ಆ ಹಬೆ ಕಣ್ಣು, ಮೂಗು, ಗಂಟಲನ್ನು ಸುಡುತ್ತದೆ, ಹಬೆ ಹೊರಗೆಳೆಯುವ ಪೆಟ್ಟಿಗೆ ಇಲ್ಲದ ಕಡೆ ಅದನ್ನು ಮಾಡುವಂತಿಲ್ಲ. ಅಯೋಡಿನ್ ಹಬೆಯದೂ ಅದೇ ಕಥೆ.

1. ದೃಶ್ಯ ಕಟ್ಟಿ, ಉತ್ತರ ಮುಚ್ಚಿಡಿ

ಒಬ್ಬರು ಮಾತ್ರ ದೃಶ್ಯ ಕಟ್ಟಲಿ. ಒಂದು ಮೇಜು, ಅದರ ಮೇಲೆ ಗಾಜಿನ ಲೋಟ, ಕೈಬರಹದ ಚೀಟಿ, ಕೆಳಗೆ ತಟ್ಟೆಯಲ್ಲಿ ಹಸಿ ಮಣ್ಣಿನ ಮೇಲೆ ಒಂದು ಚಪ್ಪಲಿ ಗುರುತು, ಇಷ್ಟು ಸಾಕು. ‘ಶಂಕಿತರು’ ಐದಾರು ಮಂದಿ ಇರಲಿ. ಇಬ್ಬರೇ ಇದ್ದರೆ ಊಹೆಯೇ ಅರ್ಧ ಸಲ ಸರಿಯಾಗಿ ಬಿಡುತ್ತದೆ. ಯಾರು ಏನನ್ನು ಮುಟ್ಟಿದರು ಎಂಬ ಉತ್ತರವನ್ನು ಲಕೋಟೆಯಲ್ಲಿ ಅಂಟಿಸಿಡಿ. ಕೊನೆಯ ವರದಿ ಬರುವವರೆಗೆ ಅದನ್ನು ತೆರೆಯಬಾರದು.

ಲೋಟವನ್ನು ಮೊದಲು ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಚು ಹಿಡಿದೇ ಎತ್ತಿಡಿ. ಇಲ್ಲದಿದ್ದರೆ ಸಿಗುವುದು ದೃಶ್ಯ ಕಟ್ಟಿದವರ ಬೆರಳಚ್ಚೇ.

2. ಮುಟ್ಟುವ ಮೊದಲು ದಾಖಲಿಸಿ

ಫೋಟೊ ಮೂರು ಹಂತದಲ್ಲಿ ತೆಗೆಯಬೇಕು. ಮೊದಲು ಇಡೀ ಕೋಣೆ ಕಾಣುವಂತೆ ನಾಲ್ಕು ಮೂಲೆಗಳಿಂದ. ಆಮೇಲೆ ವಸ್ತು ಮತ್ತು ಅದರ ಅಕ್ಕಪಕ್ಕ ಒಟ್ಟಿಗೆ ಕಾಣುವಂತೆ ಮಧ್ಯಮ ದೂರದಿಂದ. ಕೊನೆಗೆ ಹತ್ತಿರದಿಂದ ಎರಡು ಸಲ, ಒಮ್ಮೆ ಸ್ಕೇಲ್ ಇಲ್ಲದೆ, ಒಮ್ಮೆ ಸ್ಕೇಲ್ ಪಕ್ಕದಲ್ಲಿಟ್ಟು. ಸ್ಕೇಲ್ ಇಲ್ಲದ ಫೋಟೊ ಏಕೆ? ಸ್ಕೇಲ್ ಇಡುವಾಗ ಏನನ್ನೂ ಮುಚ್ಚಿಲ್ಲ, ಸರಿಸಿಲ್ಲ ಎಂದು ತೋರಿಸಲು. ಹತ್ತಿರದ ಫೋಟೊ ತೆಗೆಯುವಾಗ ಕ್ಯಾಮೆರಾ ಗುರುತಿನ ನೇರ ಮೇಲೆ ಇರಬೇಕು. ಓರೆಯಾಗಿ ತೆಗೆದ ಫೋಟೊದಲ್ಲಿ ಒಂದು ತುದಿ ಹಿಗ್ಗಿ ಇನ್ನೊಂದು ಕುಗ್ಗಿರುತ್ತದೆ, ಅದರಿಂದ ಅಳತೆ ತೆಗೆಯಲಾಗದು. ಸ್ಕೇಲ್ ಕೂಡ ಗುರುತಿನ ಮಟ್ಟದಲ್ಲೇ ಇರಲಿ. ಮಣ್ಣಿನಲ್ಲಿ ಎರಡು ಸೆಂಟಿಮೀಟರ್ ಆಳದ ಗುರುತಿಗೆ ಮೇಲ್ಮಟ್ಟದಲ್ಲಿ ಸ್ಕೇಲ್ ಇಟ್ಟರೆ ಅಳತೆ ತಪ್ಪುತ್ತದೆ.

ನಂತರ ನಕ್ಷೆ ಬರೆಯಿರಿ. ಚಿತ್ರ ಚೆನ್ನಾಗಿರಬೇಕೆಂದಿಲ್ಲ, ಅಳತೆ ಇರಬೇಕು. ಪ್ರತಿ ವಸ್ತುವಿಗೂ ಕದಲದ ಎರಡು ಗುರುತುಗಳಿಂದ, ಉದಾಹರಣೆಗೆ ಗೋಡೆಯ ಎರಡು ಮೂಲೆಗಳಿಂದ, ದೂರ ಅಳೆದು ಬರೆಯಿರಿ. ಕುರ್ಚಿಯಿಂದ ಅಳೆದರೆ, ಕುರ್ಚಿ ಎತ್ತಿದ ಕೂಡಲೇ ನಕ್ಷೆ ಕೆಲಸಕ್ಕೆ ಬಾರದು.

ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಒಂದು ಲಕೋಟೆ. ಲಕೋಟೆಯ ಮೇಲೆ ಸಂಖ್ಯೆ, ವಿವರ, ಸಿಕ್ಕ ಜಾಗ, ದಿನಾಂಕ, ಸಮಯ, ತೆಗೆದವರ ಹೆಸರು. ಕೆಳಗೆ ಹಸ್ತಾಂತರ ಪಟ್ಟಿ: ಯಾರು ಯಾರಿಗೆ ಎಷ್ಟು ಹೊತ್ತಿಗೆ ಕೊಟ್ಟರು ಎಂಬ ಸಾಲುಗಳು, ಸಹಿ ಸಮೇತ. ಈ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾದರೂ ಆ ವಸ್ತುವಿನ ಬಗ್ಗೆ ನೀವು ಹೇಳುವುದಕ್ಕೆಲ್ಲ ಅನುಮಾನ ಅಂಟಿಕೊಳ್ಳುತ್ತದೆ. ತೇವ ಇರುವ ಯಾವುದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಒಣಗಿಸಿ ಕಾಗದದ ಲಕೋಟೆಗೆ ಹಾಕಿ.

3. ಕಾಣದ ಬೆರಳಚ್ಚನ್ನು ಕಾಣಿಸುವುದು

ಬೆರಳ ತುದಿಯಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆಯ ಗ್ರಂಥಿಗಳಿಲ್ಲ. ಬೆರಳಚ್ಚಿನಲ್ಲಿ ಸಿಗುವ ಜಿಡ್ಡು ಮುಖ, ತಲೆಗೂದಲು ಮುಟ್ಟಿಕೊಂಡಾಗ ಬಂದದ್ದು. ಸೋಪು ಹಾಕಿ ಕೈ ತೊಳೆದು ಬಂದ ‘ಶಂಕಿತ’ ಲೋಟ ಹಿಡಿದರೆ ಏನೂ ಕಾಣದಿರುವುದು ಇದಕ್ಕೇ. ಮೂಗಿನ ಪಕ್ಕ ಅಥವಾ ಹಣೆಯ ಮೇಲೆ ಬೆರಳಾಡಿಸಿ, ನಂತರ ಗಾಜನ್ನು ಒಂದೇ ಸಲ ಒತ್ತಿ, ಉಜ್ಜದೆ ಬಿಡಲು ಹೇಳಿ.

ಪುಡಿ ಮಾಡುವುದು ಹೀಗೆ: ಪೆನ್ಸಿಲ್ ಸೀಸವನ್ನು ಉಪ್ಪುಕಾಗದದ ಮೇಲೆ ಉಜ್ಜಿ, ಬಂದದ್ದನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಜರಡಿ ಹಿಡಿಯದಿದ್ದರೆ ಉಪ್ಪುಕಾಗದದ ಹರಳುಗಳು ಬಂದು ರೇಖೆಗಳನ್ನು ಗೀಚುತ್ತವೆ. ತಿಳಿ ಬಣ್ಣದ ಮೇಲ್ಮೈಗೆ ಇದು, ಕಪ್ಪು ಮೇಲ್ಮೈಗೆ ಕಾರ್ನ್‌ಫ್ಲೋರ್. ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ. ಪೆನ್ಸಿಲ್ ಸೀಸ ಎಂದರೆ ಗ್ರಾಫೈಟ್, ಅದು ವಿದ್ಯುತ್ ಹರಿಸುತ್ತದೆ, ಕಂಪ್ಯೂಟರ್ ಇರುವ ಮೇಜಿನ ಮೇಲೆ ಈ ಕೆಲಸ ಬೇಡ.

ಪುಡಿಯನ್ನು ನೇರವಾಗಿ ಗಾಜಿನ ಮೇಲೆ ಸುರಿಯಬೇಡಿ. ಕಾಗದದ ಮೇಲೆ ಒಂದು ಚಿಟಿಕೆ ಹಾಕಿ, ಬ್ರಷ್‌ನ ತುದಿಯನ್ನಷ್ಟೇ ತಾಗಿಸಿ, ಕೊಡವಿ. ಬ್ರಷ್‌ನಲ್ಲಿ ಪುಡಿ ಇದೆಯೋ ಇಲ್ಲವೋ ಎನ್ನುವಷ್ಟು ಉಳಿದಿರಬೇಕು. ಬ್ರಷ್‌ನ ಹಿಡಿಯನ್ನು ಬೆರಳುಗಳ ನಡುವೆ ಹೊಸೆಯುತ್ತಾ, ಕೂದಲು ಗಾಜನ್ನು ಸವರಿಯೂ ಸವರದಂತೆ ಆಡಿಸಿ. ಕೆಲವು ಕ್ಷಣಗಳಲ್ಲಿ ಬೂದು ಕಲೆ ಕಾಣುತ್ತದೆ, ಆಮೇಲೆ ಅದರೊಳಗೆ ಗೆರೆಗಳು. ಗೆರೆಗಳ ಓಟ ಕಂಡ ತಕ್ಷಣ ಅಡ್ಡಡ್ಡ ಆಡಿಸುವುದನ್ನು ಬಿಟ್ಟು ಗೆರೆ ಹೋಗುವ ದಿಕ್ಕಿನಲ್ಲೇ ಬ್ರಷ್ ತಿರುಗಿಸಿ. ಗೆರೆ ಸ್ಪಷ್ಟವಾದ ಮೇಲೆ ನಿಲ್ಲಿಸಿ. ‘ಇನ್ನೊಂದು ಸಲ’ ಎಂಬ ಆಸೆಯಲ್ಲಿ ಹಾಳಾಗುವ ಅಚ್ಚುಗಳೇ ಹೆಚ್ಚು: ಹೆಚ್ಚಿನ ಪುಡಿ ಗೆರೆಗಳ ನಡುವಿನ ಕಣಿವೆ ತುಂಬಿ ಇಡೀ ಅಚ್ಚು ಕಪ್ಪು ಮುದ್ದೆಯಾಗುತ್ತದೆ, ಬ್ರಷ್ ಒತ್ತಿದರೆ ಗೆರೆಗಳೇ ಅಳಿಸಿಹೋಗುತ್ತವೆ.

ಅಚ್ಚು ಕಂಡ ಕೂಡಲೇ, ಟೇಪ್ ಹಚ್ಚುವ ಮೊದಲೇ, ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಟೇಪ್ ಕೈಕೊಟ್ಟರೆ ಉಳಿಯುವುದು ಅದೊಂದೇ. ನಂತರ ಟೇಪಿನ ಒಂದು ತುದಿಯನ್ನು ಅಚ್ಚಿನ ಹೊರಗೆ ಅಂಟಿಸಿ, ಹೆಬ್ಬೆರಳಿನಿಂದ ಗಾಳಿ ಹೊರತಳ್ಳುತ್ತಾ ನಿಧಾನವಾಗಿ ಇನ್ನೊಂದು ತುದಿಗೆ ಸಾಗಿ. ಬಿಡಿಸುವಾಗ ನಡುವೆ ನಿಲ್ಲಬೇಡಿ, ನಿಂತ ಕಡೆ ಅಡ್ಡಗೆರೆ ಮೂಡುತ್ತದೆ. ಕಪ್ಪು ಪುಡಿಯ ಅಚ್ಚನ್ನು ಬಿಳಿ ಕಾರ್ಡಿಗೆ, ಬಿಳಿಯದನ್ನು ಕಪ್ಪು ಕಾರ್ಡಿಗೆ ಅಂಟಿಸಿ. ಕಾರ್ಡಿನ ಮೇಲೆ ವಸ್ತುವಿನ ಸಂಖ್ಯೆಯ ಜೊತೆಗೆ, ಅಚ್ಚು ವಸ್ತುವಿನ ಮೇಲೆ ಇದ್ದಾಗ ಯಾವ ಕಡೆ ಮೇಲಿತ್ತು ಎಂದು ಬಾಣದ ಗುರುತು ಹಾಕಿ.

ಗಾಜು, ಸ್ಟೀಲು, ಹೊಳೆಯುವ ಪ್ಲಾಸ್ಟಿಕ್ ಮೇಲೆ ಈ ವಿಧಾನ ನಡೆಯುತ್ತದೆ. ಕಾಗದಕ್ಕೆ ಇದು ಹೊಂದದು, ಅದು ಬೆವರನ್ನು ಒಳಗೆ ಹೀರಿಕೊಳ್ಳುತ್ತದೆ. ಅದಕ್ಕೆ ಪ್ರಯೋಗಾಲಯಗಳಲ್ಲಿ ಬೆವರಿನ ಅಮಿನೊ ಆಮ್ಲದೊಂದಿಗೆ ಸೇರಿ ನೇರಳೆ ಬಣ್ಣ ಕೊಡುವ ನಿನ್‌ಹೈಡ್ರಿನ್ ಬಳಸುತ್ತಾರೆ. ಅದು ಶಾಲೆಗೆ ಬೇಡ.

4. ತಿಳಿದ ಮಾದರಿ ತೆಗೆಯುವಾಗ ಕನ್ನಡಿಯ ಮೋಸ

ಕಾಗದದ ಮೇಲೆ ಪೆನ್ಸಿಲ್ ಗೀಚಿ, ಅದರಲ್ಲಿ ಬೆರಳು ಉಜ್ಜಿ, ಬೆರಳಿಗೇ ಟೇಪ್ ಅಂಟಿಸಿ ಕಿತ್ತು ಬಿಳಿ ಹಾಳೆಗೆ ಹಚ್ಚುವುದು ಶಾಲೆಗಳಲ್ಲಿ ಬಹಳ ಪ್ರಚಲಿತ. ಗೆರೆ ಚೆನ್ನಾಗಿಯೇ ಬರುತ್ತದೆ. ಆದರೆ ಬಂದದ್ದು ತಿರುವುಮುರುವು. ಟೇಪಿನ ಬೆನ್ನಿನಿಂದ ನೋಡುವಾಗ ನೀವು ಬೆರಳನ್ನೇ ನೇರವಾಗಿ ನೋಡಿದಂತೆ ಕಾಣುತ್ತದೆ. ಲೋಟದ ಮೇಲೆ ಬಿದ್ದ ಅಚ್ಚಾದರೋ ಬೆರಳಿನ ಕನ್ನಡಿ ಪ್ರತಿಬಿಂಬ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಬಲಕ್ಕೆ ತೆರೆದ ಕುಣಿಕೆ (ಬಂದ ಬದಿಗೇ ತಿರುಗಿ ಹೋಗುವ ಗೆರೆಗಳ ವಿನ್ಯಾಸ) ಇನ್ನೊಂದರಲ್ಲಿ ಎಡಕ್ಕೆ ತೆರೆದಿರುತ್ತದೆ, ತಪ್ಪೇ ಮಾಡದ ತಂಡ ‘ಹೊಂದುವುದಿಲ್ಲ’ ಎಂದು ಬರೆದುಬಿಡುತ್ತದೆ.

ಪರಿಹಾರ ಎರಡಿದೆ. ಟೇಪನ್ನು ಬಿಳಿ ಹಾಳೆಯ ಬದಲು ಪಾರದರ್ಶಕ ಹಾಳೆಗೆ ಅಂಟಿಸಿ, ಹಾಳೆಯನ್ನು ಮಗುಚಿ ಹಿಂಬದಿಯಿಂದ ನೋಡಿ. ಅಥವಾ ಸ್ಟಾಂಪ್ ಪ್ಯಾಡ್ ಬಳಸಿ ನೇರ ಕಾಗದದ ಮೇಲೆ ಒತ್ತಿ, ಆಗ ಲೋಟದ ಮೇಲಿನ ದಿಕ್ಕೇ ಸಿಗುತ್ತದೆ. ಪ್ಯಾಡ್ ವಿಧಾನದಲ್ಲಿ ಬೆರಳನ್ನು ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಲ ಉರುಳಿಸಬೇಕು. ಹಿಂದಕ್ಕೂ ಮುಂದಕ್ಕೂ ಉರುಳಿಸಿದರೆ ಎರಡು ಅಚ್ಚು ಒಂದರ ಮೇಲೊಂದು ಕೂರುತ್ತವೆ. ಕೈ ಸಡಿಲ ಬಿಡಲು ಹೇಳಿ, ಉರುಳಿಸುವ ಕೆಲಸ ಅಚ್ಚು ತೆಗೆಯುವವರದ್ದು. ಹತ್ತೂ ಬೆರಳು ತೆಗೆಯಿರಿ. ಲೋಟ ಹಿಡಿದದ್ದು ಯಾವ ಬೆರಳು ಎಂದು ನಿಮಗೆ ಗೊತ್ತಿಲ್ಲ.

5. ಹೋಲಿಕೆ

ವಿನ್ಯಾಸಗಳು ಮುಖ್ಯವಾಗಿ ಮೂರು. ಗೆರೆಗಳು ಒಂದು ಬದಿಯಿಂದ ಬಂದು ತಿರುಗಿ ಅದೇ ಬದಿಗೆ ಹೋದರೆ ಕುಣಿಕೆ. ನಡುವೆ ಸುತ್ತಿಕೊಂಡಿದ್ದರೆ ಸುರುಳಿ. ಒಂದು ಬದಿಯಿಂದ ಬಂದು ನಡುವೆ ಏರಿ ಇನ್ನೊಂದು ಬದಿಗೆ ಇಳಿದರೆ ಕಮಾನು. ಕುಣಿಕೆ ಶೇ 60–65, ಸುರುಳಿ ಶೇ 30–35, ಕಮಾನು ಸುಮಾರು ಶೇ 5. ಹಾಗಾಗಿ ‘ಇಬ್ಬರದ್ದೂ ಕುಣಿಕೆ’ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ವಿನ್ಯಾಸ ಬೇರೆಯಾದರೆ ಆ ಬೆರಳನ್ನು ಕೈಬಿಡಬಹುದು, ಅದರ ಉಪಯೋಗ ಅಷ್ಟೇ.

ಗುರುತು ಹಿಡಿಯುವುದು ಗೆರೆಗಳ ಸಣ್ಣ ಲಕ್ಷಣಗಳಿಂದ: ಗೆರೆ ಥಟ್ಟನೆ ಮುಗಿಯುವುದು, ಒಂದು ಗೆರೆ ಎರಡಾಗಿ ಕವಲೊಡೆಯುವುದು, ಒಂಟಿ ಚುಕ್ಕಿ, ಕವಲೊಡೆದ ಗೆರೆ ಮತ್ತೆ ಕೂಡಿ ನಡುವೆ ಮಾಡುವ ಕಣ್ಣಿನಾಕಾರ. ಕ್ರಮ ಹೀಗಿರಲಿ:

ಮೊದಲು ಪ್ರಶ್ನಿತ ಅಚ್ಚನ್ನು ಮಾತ್ರ ನೋಡಿ, ತಿಳಿದ ಮಾದರಿಗಳು ಲಕೋಟೆಯಲ್ಲೇ ಇರಲಿ. ಫೋಟೊವನ್ನು ಹಿಗ್ಗಿಸಿ ಮುದ್ರಿಸಿ, ಸ್ಪಷ್ಟವಾಗಿ ಕಾಣುವ ಎಂಟು ಹತ್ತು ಲಕ್ಷಣಗಳಿಗೆ ಸಂಖ್ಯೆ ಹಾಕಿ. ಅಕ್ಕಪಕ್ಕದ ಲಕ್ಷಣಗಳ ನಡುವೆ ಎಷ್ಟು ಗೆರೆ ಇವೆ ಎಂದು ಎಣಿಸಿ ಬರೆಯಿರಿ. ಆಮೇಲೆ ತಿಳಿದ ಮಾದರಿಗಳನ್ನು ಒಂದೊಂದಾಗಿ ತೆಗೆದು, ಅದೇ ಲಕ್ಷಣ ಅದೇ ಜಾಗದಲ್ಲಿ, ಅಷ್ಟೇ ಗೆರೆಗಳ ಅಂತರದಲ್ಲಿ ಇದೆಯೇ ನೋಡಿ. ವಿವರಿಸಲಾಗದ ಒಂದೇ ಒಂದು ವ್ಯತ್ಯಾಸ ಇದ್ದರೂ ಅದು ಆ ಬೆರಳಲ್ಲ.

ಈ ಕ್ರಮವನ್ನು ತಿರುಗಿಸಿದರೆ, ಅಂದರೆ ಶಂಕಿತನ ಅಚ್ಚು ನೋಡಿಕೊಂಡು ಲೋಟದ ಮಸುಕು ಅಚ್ಚಿನಲ್ಲಿ ಅದನ್ನೇ ಹುಡುಕಿದರೆ, ಕಣ್ಣಿಗೆ ಬೇಕಾದದ್ದು ಕಾಣತೊಡಗುತ್ತದೆ. ಪಳಗಿದವರೂ ಇದರಲ್ಲಿ ಎಡವಿದ್ದಾರೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟಗಳ ತನಿಖೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲದ ಮೇಲಿದ್ದ ಅಚ್ಚು ಅಮೆರಿಕದ ಒಬ್ಬ ವಕೀಲರದ್ದು ಎಂದು ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿತ್ತು. ಸ್ಪೇನ್ ಪೊಲೀಸರು ಅದು ಬೇರೊಬ್ಬನದ್ದೆಂದು ಗುರುತಿಸಿದ ಮೇಲೆ ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಬೇಕಾಯಿತು. ಆದ್ದರಿಂದ ಎರಡನೆಯ ವಿದ್ಯಾರ್ಥಿ ಮೊದಲಿನವರ ತೀರ್ಮಾನ ತಿಳಿಯದೆ ಅದೇ ಹೋಲಿಕೆಯನ್ನು ಮತ್ತೆ ಮಾಡಲಿ.

ಎಷ್ಟು ಲಕ್ಷಣ ಹೊಂದಿದರೆ ಸಾಕು? 12 ಎಂಬ ಸಂಖ್ಯೆ ಎಲ್ಲೆಡೆ ಕೇಳಿಬರುತ್ತದೆ, ಅದರ ಮೂಲ ಲೊಕಾರ್ಡ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರವರೆಗೆ 16 ಎಂಬ ನಿಯಮವಿತ್ತು. ಇಂಥದ್ದೇ ಕನಿಷ್ಠ ಸಂಖ್ಯೆ ಇರಬೇಕೆನ್ನಲು ವೈಜ್ಞಾನಿಕ ಆಧಾರ ಇಲ್ಲ ಎಂದು ಗುರುತು ಪರಿಣತರ ಅಂತರರಾಷ್ಟ್ರೀಯ ಸಂಘ 1973ರಲ್ಲೇ ಹೇಳಿದೆ. ಶಾಲೆಯ ಅಭ್ಯಾಸಕ್ಕೆ ಎಂಟು ಇಟ್ಟುಕೊಳ್ಳಿ, ಅದು ಅಭ್ಯಾಸದ ಗೆರೆ ಮಾತ್ರ ಎಂದು ವರದಿಯಲ್ಲಿ ಬರೆಯಿರಿ.

6. ಚೀಟಿಯ ಶಾಯಿ

ಕ್ರೊಮಾಟೊಗ್ರಫಿ ಎಂದರೆ ಬೆರೆತ ಬಣ್ಣಗಳನ್ನು ಕಾಗದದ ಮೇಲೆ ದ್ರವದ ಜೊತೆ ಹರಿಯಬಿಟ್ಟು ಬೇರ್ಪಡಿಸುವುದು. ಫಿಲ್ಟರ್ ಪೇಪರನ್ನು 2 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಕೆಳಗಿನಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪೆನ್ನಿನಲ್ಲಿ ಎಳೆದರೆ ಆ ಗೆರೆಯೇ ಹರಿಯುತ್ತದೆ. ಗೆರೆಯ ಮೇಲೆ ಶಾಯಿಯ ಸಣ್ಣ ಚುಕ್ಕೆ, 2 ಮಿ.ಮೀ. ದಾಟದಂತೆ. ಚೀಟಿಯ ಶಾಯಿಯನ್ನು ಪರೀಕ್ಷಿಸಲು ಬರೆದ ಒಂದು ಸಣ್ಣ ತುಂಡನ್ನು ಕತ್ತರಿಸಿ, ಒಂದೆರಡು ಹನಿ ದ್ರವದಲ್ಲಿ ನೆನೆಸಿ, ಬಣ್ಣ ಬಿಟ್ಟ ದ್ರವದಿಂದ ಚುಕ್ಕೆ ಇಡಿ. ಲೋಟದಲ್ಲಿ 1 ಸೆಂ.ಮೀ. ಎತ್ತರಕ್ಕೆ ಮಾತ್ರ ನೀರು ಇರಲಿ. ಚುಕ್ಕೆ ಮುಳುಗಿದರೆ ಶಾಯಿ ನೀರಿಗೆ ಹೋಯಿತು, ಮೇಲೇರುವುದಿಲ್ಲ.

ನೀರು ಮೇಲಿನ ಅಂಚಿಗೆ 1 ಸೆಂ.ಮೀ. ಇರುವಾಗ ಪಟ್ಟಿ ತೆಗೆದು, ಒಣಗುವ ಮೊದಲೇ ದ್ರವ ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಬಣ್ಣ ಚಲಿಸಿದ ದೂರವನ್ನು ದ್ರವ ಚಲಿಸಿದ ದೂರದಿಂದ ಭಾಗಿಸಿದರೆ ಆರ್‌ಎಫ್ ಮೌಲ್ಯ. ನೀಲಿ ಬಣ್ಣ 45 ಮಿ.ಮೀ., ನೀರು 75 ಮಿ.ಮೀ. ಏರಿದ್ದರೆ 0.60. ಒಂದೇ ಕಾಗದ, ಒಂದೇ ದ್ರವ ಬಳಸಿದ ಪಟ್ಟಿಗಳನ್ನು ಮಾತ್ರ ಹೋಲಿಸಬೇಕು.

ಬಾಲ್‌ಪೆನ್ ಶಾಯಿ ನೀರಿನಲ್ಲಿ ಕದಲದು. ಅದಕ್ಕೆ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, ಬೆಂಕಿಯಿಂದ ದೂರ, ಕಿಟಕಿ ತೆರೆದಿಟ್ಟು. ಕೆಲವು ಜೆಲ್ ಪೆನ್ನುಗಳ ಕರಗದ ಬಣ್ಣ ಯಾವುದಕ್ಕೂ ಜಗ್ಗುವುದಿಲ್ಲ, ಅದನ್ನೂ ಫಲಿತಾಂಶವೆಂದೇ ಬರೆಯಿರಿ. ಪಟ್ಟಿಗಳು ಹೊಂದಿದರೆ ‘ಇದೇ ಪೆನ್’ ಎನ್ನುವಂತಿಲ್ಲ, ಅದೇ ಶಾಯಿಯ ಪೆನ್ನುಗಳು ಸಾವಿರಾರು.

7. ಮಣ್ಣಿನ ಮೇಲಿನ ಕಾಲ್ಗುರುತು

ಒಂದು ಗುರುತಿಗೆ 1 ಕೆ.ಜಿ. ಪ್ಲಾಸ್ಟರ್, 600 ಮಿ.ಲೀ. ನೀರು. ನೀರಿಗೆ ಪುಡಿ ಉದುರಿಸಿ ಕೋಲಿನಿಂದ ಕಲಸಿ. ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಗುರುತಿನ ಪಕ್ಕದ ನೆಲಕ್ಕೆ ಚಮಚ ಅಡ್ಡ ಹಿಡಿದು, ಅದರ ಮೇಲಿಂದ ಹರಿದು ಒಳಗೆ ಹೋಗುವಂತೆ ಹೊಯ್ಯಿರಿ. ನೇರ ಮೇಲಿಂದ ಹೊಯ್ದರೆ ಧಾರೆಯ ಪೆಟ್ಟಿಗೆ ಅಟ್ಟೆಯ ನಮೂನೆ ಕುಸಿಯುತ್ತದೆ. ಒಂದು ಗಂಟೆ ಬಿಟ್ಟು ಎತ್ತಿ, ಅಂಟಿದ ಮಣ್ಣನ್ನು ಮಾರನೆಯ ದಿನದವರೆಗೆ ತೆಗೆಯಬೇಡಿ.

ಪ್ಲಾಸ್ಟರ್ ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಬಕೆಟ್‌ಗೆ ಕೈ ಹಾಕಿ ಕಲಸುವುದು, ಕೈಯ ಅಚ್ಚು ತೆಗೆಯುವುದು ಎರಡನ್ನೂ ಖಡಾಖಂಡಿತ ನಿಷೇಧಿಸಿ. ಉಳಿದದ್ದನ್ನು ಸಿಂಕ್‌ಗೆ ಸುರಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

ಅಳತೆ ಮತ್ತು ಅಟ್ಟೆಯ ನಮೂನೆ ಒಂದೇ ಮಾಡೆಲಿನ, ಒಂದೇ ಸೈಜಿನ ಎಲ್ಲ ಪಾದರಕ್ಷೆಗೂ ಸಮಾನ. ಒಂದೇ ಜೋಡಿಯತ್ತ ಬೆರಳು ತೋರಿಸುವುದು ಸವೆತ, ಸೀಳು, ಸಿಕ್ಕಿಕೊಂಡ ಕಲ್ಲಿನ ಗುರುತು.

8. ಹನಿಯ ಕೋನ

35 ಮಿ.ಲೀ. ಗ್ಲಿಸರಿನ್, 65 ಮಿ.ಲೀ. ನೀರು, ಹತ್ತು ಹನಿ ಕೆಂಪು ಬಣ್ಣ ಬೆರೆಸಿದರೆ ಹರಿವಿನಲ್ಲಿ ರಕ್ತಕ್ಕೆ ಹತ್ತಿರದ ದ್ರವ ಸಿಗುತ್ತದೆ. ನುಣುಪು ಕಾಗದ ಅಂಟಿಸಿದ ಹಲಗೆಯನ್ನು ಓರೆ ಮಾಡಿ, 50 ಸೆಂ.ಮೀ. ಮೇಲಿಂದ ಡ್ರಾಪರ್‌ನಲ್ಲಿ ಒಂದೊಂದೇ ಹನಿ ಬಿಡಿ. ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಬರುವುದು ಹನಿ ಬಡಿದ ಕೋನದ ಸೈನ್ ಮೌಲ್ಯ. ಅಗಲ 5, ಉದ್ದ 10 ಮಿ.ಮೀ. ಆದರೆ 0.5, ಅಂದರೆ 30 ಡಿಗ್ರಿ. ಕಲೆಯ ಬಾಲವನ್ನು ಉದ್ದಕ್ಕೆ ಸೇರಿಸಬೇಡಿ. ಬಾಲ ಹನಿ ಸಾಗಿದ ದಿಕ್ಕನ್ನು ತೋರಿಸುತ್ತದೆ, ಕೋನವನ್ನಲ್ಲ.

ಬಹಳ ಜನ ಮುಗ್ಗರಿಸುವುದು ಇಲ್ಲಿ: ಹಲಗೆಯನ್ನು ನೆಲದಿಂದ 60 ಡಿಗ್ರಿ ಎತ್ತಿದರೆ ನೇರ ಕೆಳಗೆ ಬೀಳುವ ಹನಿ ಬಡಿಯುವ ಕೋನ 60 ಅಲ್ಲ, 30. ಲೆಕ್ಕಕ್ಕೆ ಬೇಕಾದದ್ದು ಹಲಗೆಗೂ ಹನಿಯ ದಾರಿಗೂ ನಡುವಿನ ಕೋನ. ದುಂಡಗಿನ ಕಲೆಗಳಲ್ಲಿ ದೋಷವೂ ದೊಡ್ಡದು: 10 ಮಿ.ಮೀ. ಉದ್ದದ ಕಲೆಯ ಅಗಲವನ್ನು 9.8ರ ಬದಲು 9.5 ಎಂದು ಓದಿದರೆ ಉತ್ತರ 79ರಿಂದ 72 ಡಿಗ್ರಿಗೆ ಜಾರುತ್ತದೆ. ಒಂದೇ ಕೋನದಲ್ಲಿ ಐದು ಹನಿ ಬಿಟ್ಟು ಸರಾಸರಿ ತೆಗೆಯಿರಿ.

9. ಕೂದಲು ಸಿಕ್ಕರೆ

ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್, ಅದರಲ್ಲಿ ಕೂದಲು, ಮೇಲೆ ಕವರ್‌ಸ್ಲಿಪ್, ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಹಿಗ್ಗಿಸಿ ನೋಡಿ. ಕೂದಲಿನ ನಡುವೆ ಹಾಯುವ ತಿರುಳಿನ ಅಗಲ ಒಟ್ಟು ಅಗಲದ ಮೂರನೇ ಒಂದಕ್ಕಿಂತ ಕಡಿಮೆ ಇದ್ದರೆ ಅಥವಾ ತಿರುಳು ತುಂಡುತುಂಡಾಗಿದ್ದರೆ ಸಾಮಾನ್ಯವಾಗಿ ಮನುಷ್ಯರದ್ದು, ಅರ್ಧಕ್ಕಿಂತ ಹೆಚ್ಚಿದ್ದರೆ ಪ್ರಾಣಿಯದ್ದು. ಅದಕ್ಕಿಂತ ಮುಂದೆ ಹೋಗಿ ಇಂಥವರ ಕೂದಲು ಎಂದು ಹೆಸರಿಸಬೇಡಿ, ಸೂಕ್ಷ್ಮದರ್ಶಕದಿಂದ ಅದು ಸಾಧ್ಯವಿಲ್ಲ.

10. ವರದಿ, ಆಮೇಲೆ ಸ್ವಚ್ಛತೆ

ಪ್ರತಿ ವಸ್ತುವಿಗೆ ಮೂರರಲ್ಲಿ ಒಂದು ಉತ್ತರ: ಹೊಂದುತ್ತದೆ, ಹೊಂದುವುದಿಲ್ಲ, ಹೇಳಲಾಗದು. ಮೂರನೆಯದು ಬರೆದವರಿಗೆ ಅಂಕ ಕಡಿಮೆ ಮಾಡುವ ಶಿಕ್ಷಕರು ವಿದ್ಯಾರ್ಥಿಗಳಿಗೆ ಊಹೆ ಮಾಡುವುದನ್ನೇ ಕಲಿಸುತ್ತಾರೆ. ಏನು ಕಂಡಿತು ಎಂಬುದನ್ನು ಮೊದಲು, ಅದರಿಂದ ಏನೆನ್ನಬಹುದು ಎಂಬುದನ್ನು ಬೇರೆ ಪ್ಯಾರಾದಲ್ಲಿ ಬರೆಯಿರಿ. ‘ಲೋಟದ ಮೇಲೆ 3ನೇ ವ್ಯಕ್ತಿಯ ಬಲ ತೋರುಬೆರಳಿನ ಅಚ್ಚು ಇದೆ’ ಎನ್ನಬಹುದು. ‘3ನೇ ವ್ಯಕ್ತಿ ಕದ್ದ’ ಎನ್ನುವಂತಿಲ್ಲ. ಅಚ್ಚು ಯಾವತ್ತು ಬಿತ್ತು ಎಂಬುದು ಅಚ್ಚಿನಿಂದ ತಿಳಿಯುವುದಿಲ್ಲ.

ವರದಿಗಳೆಲ್ಲ ಕೈಸೇರಿದ ಮೇಲೆ ಮುಚ್ಚಿಟ್ಟ ಲಕೋಟೆ ತೆರೆಯಿರಿ. ತಪ್ಪಾದ ಕಡೆ ಹಸ್ತಾಂತರ ಪಟ್ಟಿ, ಫೋಟೊ, ಕಾರ್ಡುಗಳನ್ನು ಹಿಂದಕ್ಕೆ ಓದುತ್ತಾ ಹೋದರೆ ಎಲ್ಲಿ ಕೆಟ್ಟಿತು ಎಂದು ಸಿಗುತ್ತದೆ. ಹತ್ತು ಬೆರಳಿನ ಕಾರ್ಡುಗಳನ್ನು ಆಯಾ ವಿದ್ಯಾರ್ಥಿಗೆ ಹಿಂದಿರುಗಿಸಿ ಅಥವಾ ಅವರೆದುರೇ ಹರಿದು ಹಾಕಿ, ಫೋನಿನಲ್ಲಿರುವ ಬೆರಳಚ್ಚಿನ ಫೋಟೊಗಳನ್ನೂ ಅಳಿಸಿ. ಗಟ್ಟಿಯಾದ ಪ್ಲಾಸ್ಟರ್ ಒಣ ಕಸಕ್ಕೆ ಹೋಗಲಿ. ಮೇಜಿನ ಮೇಲಿನ ಗ್ರಾಫೈಟ್ ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.